ಪೋಸ್ಟರ್ ನೋಡಿ ಯಾರೂ ಎಣ್ಣೆ ಕೊಳ್ಳಂಗಿಲ್ರೀ

ಓಣಂ ಬಂದರೆ ಬಾಗಿಲಲ್ಲಿ ಪೂಕಳಂ (ಹೂವಿನ ರಂಗೋಲಿ) ಸ್ಟಿಕ್ಕರ್. ರಂಜಾನ್ ಬಂದರೆ ಚಂದ್ರನ ಪೋಸ್ಟರ್. ದೀಪಾವಳಿಗೆ ಥರ್ಮಾಕೋಲ್ ಹಣತೆ. ಹುಬ್ಬಳ್ಳಿಯ ದೊಡ್ಡ ದೊಡ್ಡ ಮಳಿಗೆಗಳು ಬೇರೆ ಬೇರೆ ಜನರನ್ನು ಸೆಳೆಯೋಕೆ ಮಾಡೋದು ಹೆಚ್ಚುಕಮ್ಮಿ ಇಷ್ಟೇ. ಒಳಗೆ ಹೋದರೆ ವರ್ಷವಿಡೀ ಅದೇ ಮಾಲು. ಈ ವಿಷಯದಲ್ಲಿ ಓಣಿಯ ಕಿರಾಣಿ ಅಂಗಡಿಯವರೇ ಎಷ್ಟೋ ವಾಸಿ ಅಂತ ನನ್ನ ವಾದ.

ಹುಬ್ಬಳ್ಳಿ ಹಿಂದಿನಿಂದಲೂ ಬೆರಕೆ ಊರು. ದುರ್ಗದಬೈಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡ, ಉರ್ದು, ಮರಾಠಿ, ಮಾರವಾಡಿ, ಸಾವಜಿ ಮಂದಿಯ ಮಾತು ಎಲ್ಲ ಕಿವಿಗೆ ಬೀಳುತ್ತವೆ. ರೈಲ್ವೆ ನೌಕರಿಗೆ ಬಂದು ಇಲ್ಲೇ ಉಳಿದ ತೆಲುಗು, ತಮಿಳು ಮನೆಗಳಿವೆ. 2003ರಲ್ಲಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇಲ್ಲಿಗೆ ಬಂತು. ಆಚೆ ಧಾರವಾಡದಲ್ಲಿ 2016ರಿಂದ ಐಐಟಿ. ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾದ ಹುಡುಗರು.

ಕೇಶ್ವಾಪುರದ ಕಡೆ ನಾನು ಹೋಗೋ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಗುಂಟೂರು ಮೆಣಸಿನಕಾಯಿ ಚೀಲಗಳು ಅಕ್ಕಪಕ್ಕ ನಿಂತಿರುತ್ತವೆ. ನಮಗೆ ಬಣ್ಣ ಬೇಕು, ತೆಲುಗು ಮನೆಯವರಿಗೆ ಖಾರ ಬೇಕು. ಮಾವಿನಕಾಯಿ ಬರುವ ಹೊತ್ತಿಗೆ ಗುಂಟೂರು ಚೀಲದ ಪಕ್ಕಕ್ಕೆ ಎಳ್ಳೆಣ್ಣೆ, ಸಾಸಿವೆ ಪುಡಿ ಬಂದು ಕೂತಿರುತ್ತವೆ. ಆವಕಾಯಿ ಉಪ್ಪಿನಕಾಯಿ ಹಾಕೋರು ಬೇರೆ ಅಂಗಡಿ ಹುಡುಕೋದೇ ಬೇಡ. ಕಟ್ಟಡ ಕೆಲಸದ ಹುಡುಗರಿಗೆ ಸಾಸಿವೆ ಎಣ್ಣೆ ಬೇಕು, ಅದೂ ಚಿಕ್ಕ ಬಾಟಲಿ. ವಾರದ ಪಗಾರದವರು ಐದು ಲೀಟರ್ ಡಬ್ಬಿ ಕಟ್ಟಿಕೊಂಡು ಏನು ಮಾಡಬೇಕು? ದೊಡ್ಡ ಮಳಿಗೆಯ ರಿಯಾಯಿತಿ ಎಲ್ಲ ಆ ಐದು ಲೀಟರ್ ಮೇಲೇ ಇರುತ್ತದೆ!

ಶ್ರಾವಣದ ಲೆಕ್ಕ ಇನ್ನೂ ಮಜಾ. ನಮ್ಮ ಶ್ರಾವಣ ನಾಗರ ಅಮಾವಾಸ್ಯೆ ಕಳೆದ ಮೇಲೆ. ಉತ್ತರದವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ಅವರ ಶ್ರಾವಣ ಗುರು ಪೂರ್ಣಿಮೆಯ ಮರುದಿನವೇ ಶುರು, ಅಂದರೆ ನಮಗಿಂತ ಹದಿನೈದು ದಿನ ಮೊದಲು. ಅಷ್ಟರೊಳಗೆ ಉಪವಾಸದ ಸಾಬೂದಾಣಿ, ಸೈಂಧವ ಉಪ್ಪು, ಮಖಾನಾ ಅಂಗಡಿಗೆ ಬಂದಿರಬೇಕು. ನಮ್ಮ ಅಂಗಡಿಯವರು ಪಂಚಾಂಗ ನೋಡೋದಿಲ್ಲ. "ಮಾರವಾಡಿ ಓಣಿಯ ಬಾಯಾರು ಸಾಬೂದಾಣಿ ಕೇಳಾಕ ಹತ್ತಿದ್ರ ತರಿಸಿಬಿಡ್ತೀನ್ರಿ" ಅಂತಾರೆ. ರಂಜಾನ್ ಅಂತೂ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ತಾರೀಕು ನೋಡಿ ಖರ್ಜೂರ, ಶಾವಿಗೆ ತರಿಸಿದರೆ ಕೆಟ್ಟಂತೆಯೇ.

ಕಿರಾಣಿಯವರೆಲ್ಲ ದೇವರು ಅಂತ ನಾನು ಹೇಳ್ತಿಲ್ಲ. ಗುರುತಿದ್ದವರಿಗೆ ಉದ್ರಿ, ಗುರುತಿಲ್ಲದವರಿಗೆ ಎರಡು ರೂಪಾಯಿ ಜಾಸ್ತಿ ಅನ್ನೋ ಅಂಗಡಿಗಳು ಬೇಕಾದಷ್ಟಿವೆ. ಭಾಷೆ ಬಾರದ ಹೊಸ ಹುಡುಗನಿಗೆ ದೊಡ್ಡ ಮಳಿಗೆಯೇ ನೆಮ್ಮದಿ. ರೇಟು ಬರೆದಿರುತ್ತದೆ, ಬಿಲ್ಲು ಸಿಗುತ್ತದೆ, ಯಾವ ಊರು, ಯಾವ ಮಂದಿ ಅಂತ ಯಾರೂ ಕೇಳೋದಿಲ್ಲ. ಇದು ಸಣ್ಣ ವಿಷಯ ಅಲ್ಲ.

ಆದರೆ ಈ ಮಳಿಗೆಗಳು ಹೊರಗಿನವರನ್ನು ಬಿಡಿ, ಇಲ್ಲಿಯವರನ್ನೇ ಸರಿಯಾಗಿ ನೋಡಿಲ್ಲ. ಗೋಕುಲ ರೋಡ್ ಕಡೆಯ ಒಂದು ಮಳಿಗೆಗೆ (ಹೆಸರು ಬೇಡ) ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬಿಳಿಜೋಳ ಎಲ್ಲಿದೆ ಅಂತ ಹುಡುಕಿದರೆ ಕೊನೆಗೆ ಸಿಕ್ಕಿದ್ದು 'ಹೆಲ್ತ್ ಫುಡ್' ಮೂಲೆಯಲ್ಲಿ, ಓಟ್ಸ್ ಪಕ್ಕದಲ್ಲಿ. ಅರ್ಧ ಕೆಜಿ ಪ್ಯಾಕು, ಥಳಥಳ ಹೊಳೆಯೋ ಕವರು. 2023 ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆವಾಗ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಅವ್ವ ಪ್ಯಾಕು ತಿರುಗಿಸಿ ನೋಡಿದಳು. "ಇದು ರೊಟ್ಟಿ ಬಡಿಯೋರಿಗೆ ಅಲ್ಲೋ, ಜಡ್ಡಾದವರಿಗೆ ಇಟ್ಟಾರ" ಅಂದಳು. ನಮ್ಮ ಮನೆಯಲ್ಲಿ ಜೋಳ ಬರೋದು ಚೀಲದ ಲೆಕ್ಕದಲ್ಲಿ. ಧಾರವಾಡ ಜಿಲ್ಲೆಯಲ್ಲಿ ಕೂತು ಜೋಳವನ್ನು ಪರದೇಶದ ಮಾಲಿನ ಹಾಗೆ ಮಾರೋದು ಅಂದರೆ ಏನು ಹೇಳೋದು!

ಹೊರಗಿನ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದರು. ಬೋರ್ಡು ಬದಲಾಯಿತು, ರ‍್ಯಾಕು ಬದಲಾಗಲಿಲ್ಲ. ಯಾವ ಮಾಲು ಎಲ್ಲಿ, ಎಷ್ಟು ಇಡಬೇಕು ಅನ್ನೋದು ಬೇರೆ ಯಾವುದೋ ಊರಿನ ಆಫೀಸಿನಲ್ಲಿ ತೀರ್ಮಾನ ಆದರೆ ಹೀಗೇ ಆಗೋದು.

ಎಲ್ಲ ಬದಲಿಸಿ ಅಂತ ನಾನು ಕೇಳೋದಿಲ್ಲ. ನಾಲ್ಕು ರ‍್ಯಾಕು ಇಲ್ಲಿಯ ಮ್ಯಾನೇಜರ್ ಕೈಗೆ ಬಿಡಿ, ಸಾಕು. ಬಿಲ್ಲಿಂಗ್‌ನಲ್ಲಿ ಕೂರೋ ಹುಡುಗಿಯರು ಹಳೇ ಹುಬ್ಬಳ್ಳಿ, ಉಣಕಲ್, ಕುಂದಗೋಳ ಕಡೆಯವರೇ ಇರುತ್ತಾರೆ. "ಇದು ಇಲ್ವಾ?" ಅಂತ ಕೇಳಿ ಬರಿಗೈಲಿ ಹೋದವರು ಯಾರು, ಏನು ಕೇಳಿದರು ಅನ್ನೋದು ಅವರಿಗೆ ಬಾಯಿಪಾಠ. ಪೋಸ್ಟರಿಗೆ ಸುರಿಯೋ ದುಡ್ಡಲ್ಲಿ ಸ್ವಲ್ಪ ಅವರ ಪಗಾರಕ್ಕೆ ಹಾಕಿ, ಅದನ್ನ ಬರೆದಿಡೋಕೆ ಹೇಳಿ.