ಲಂಡನ್‌ನ್ಯಾಗ ಬಿ ಸೈಡ್, ಧಾರವಾಡದಾಗ ಶಾಲು

ಮೂವತ್ತು ವರ್ಷ ಕಾದು ಡ್ರೀಮ್ ಥಿಯೇಟರ್ ಅನ್ನೋ ಅಮೆರಿಕಾದ ರಾಕ್ ಬ್ಯಾಂಡ್ ಕೇಳಾಕ ಹೋದೆ, ಹೋಗಿ ಮೊದಲನೇ ಹಾಡಿನ ಅರ್ಧ ಕಳಕೊಂಡೆ. ತಪ್ಪು ನಂದ. ಟಿಕೆಟ್‌ನ್ಯಾಗ ಟೈಮ್ ಸ್ಪಷ್ಟ ಬರದಿತ್ತು, ನಾ ಅದನ್ನ ಧಾರವಾಡದಾವ ಓದಿದಂಗ ಓದಿದೆ, ಅಂದ್ರ ಮನಸಿನಾಗ ಒಂದ್ ತಾಸು ಕೂಡಿಸಿ. ನಾ ಇರೋ ಊರು, ಲಂಡನ್ ಬಾಜೂಕಿನ ಸ್ಲೋದಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಕ್ಯಾನರಿ ವಾರ್ಫ್‌ಗೆ ಬಂದು, ಅಲ್ಲಿ ಆರಾಮ ಒಂದ್ ಚಹಾ ಕುಡಿದು, ಜುಬಿಲಿ ಲೈನ್‌ನ್ಯಾಗ ಒಂದ ಸ್ಟಾಪ್ ಹೋಗಿ ಓ2 ಅರೀನಾದ ಬಾಗಲಾ ಮುಟ್ಟಿದ್ರ ಒಳಗ ಡ್ರಮ್ಸ್ ಕೇಳಾಕತ್ತಿತ್ತು! ಹೊರಗ ಒಬ್ಬ ಮನುಷ್ಯಾ ಇಲ್ಲ, ಎಲ್ಲಾರೂ ಒಳಗ ಕುಂತಬಿಟ್ಟಾರ.

ಹಾಡು 'ಮೆಟ್ರೊಪೊಲಿಸ್', 1992ರ 'ಇಮೇಜಸ್ ಆ್ಯಂಡ್ ವರ್ಡ್ಸ್' ಆಲ್ಬಮ್ಮಿಂದು. ಇದರಾಗ ನಂದೊಂದು ಕರ್ಮದ ಕಥಿ ಐತಿ. ಹುಬ್ಬಳ್ಳ್ಯಾಗ ಕಾಲೇಜ್ ಕಲಿಯೋ ಮುಂದ ಹಾಸ್ಟೆಲ್ ದೋಸ್ತ ಒಬ್ಬಾಂವ ಅರವತ್ತು ನಿಮಿಷದ ಕ್ಯಾಸೆಟ್‌ನ್ಯಾಗ ಇದನ್ನ ಕಾಪಿ ಮಾಡಿ ಕೊಟ್ಟಿದ್ದ. ಆಲ್ಬಮ್ ಸುಮಾರು 57 ನಿಮಿಷ, ಹಿಡೀತಿತ್ತು ಖರೇ, ಆದ್ರ ಎ ಸೈಡ್ ಸರಿಯಾಗಿ ಈ ಒಂಬತ್ತೂವರಿ ನಿಮಿಷದ ಹಾಡಿನ ನಡುವ ಖಟ್ ಅಂತ ಮುಗೀತಿತ್ತು. ಎದ್ದು ಹೋಗಿ ಕ್ಯಾಸೆಟ್ ತಿರುವಿ ಹಾಕಿದ ಮ್ಯಾಲೆ ಉಳಿದದ್ದು. ಹಂಗಾಗಿ ಆ ಹಾಡು ನನ್ನ ತಲ್ಯಾಗ ಇವತ್ತಿಗೂ ಎರಡು ತುಂಡು. 2024ರ ಅಕ್ಟೋಬರ್ 20ಕ್ಕ ಲಂಡನ್‌ನ್ಯಾಗ, ಅಷ್ಟು ಪೌಂಡ್ ಕೊಟ್ಟು, ನಾ ಕೇಳಿದ್ದು ಬರೇ ಬಿ ಸೈಡ್.

ಅದೂ ಎಂಥಾ ದಿವಸ ಅಂತೀರಿ. ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ 2010ರಾಗ ಬ್ಯಾಂಡ್ ಬಿಟ್ಟು ಹೋದಾಗ ನಾನೂ ಸಿಟ್ಟಿಗೆದ್ದು, ಅಂವ ಇಲ್ಲದ ಬ್ಯಾಂಡ್ ಏನ್ ಕೇಳೂದು ಅಂತ ಇಷ್ಟು ವರ್ಷ ಟಿಕೆಟ್ ತಗೊಂಡಿದ್ದಿಲ್ಲ. 2023ರಾಗ ವಾಪಸ್ ಬಂದ. ಬಂದ ಮ್ಯಾಲೆ ಮೊದಲನೇ ಶೋನ ಇದು, ಬ್ಯಾಂಡಿನ ನಲವತ್ತನೇ ವರ್ಷದ ಟೂರು.

ಬಾಜೂಕ ಅರವತ್ತರ ಆಸುಪಾಸಿನ ಬೋಳತಲಿ ಗೋರಾ ಒಬ್ಬ, ಹಳೇ ಟೀಶರ್ಟು, ಅಂಗಡ್ಯಾಗ ಕುಂತ್ರ ಕಿರಾಣಿ ಶೆಟ್ರು ಅನ್ನಬೇಕು ಹಂಗ ಇದ್ದ. ನಡುವ ಒಂದ್ ಕಡೆ ಲಯ ಏಳರ ಲೆಕ್ಕಕ್ಕ ಬಂತು. ನನ್ನ ಕೈ ತಾನ ತೊಡಿ ಮ್ಯಾಲೆ ಹಿಂದೂಸ್ತಾನಿ ರೂಪಕ ತಾಳ ಹಾಕಾಕತ್ತಿತ್ತು, ತೀ ತೀ ನಾ ಧೀ ನಾ ಧೀ ನಾ, ಈ ಕಡೆ ನೋಡ್ತೀನಿ ಅಂವನೂ ಬಟ್ಟಲೆ ಏಳು ಎಣಸಾಕತ್ತಾನ! ಮೊದಲನೇ ಮಾತ್ರಾಕ್ಕ ಇಬ್ಬರೂ ಕೂಡೇ ತಲಿ ಹಾಕಿದ್ವಿ. ಕುಂದಗೋಳದ ನಾಡಿಗೇರ ವಾಡೇದಾಗ, ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವದಾಗ, ಗಾಯಕರು ತಾನ್ ಮುಗಿಸಿ ಸಮ್ಮಿಗೆ, ಅಂದ್ರ ತಾಳದ ಮೊದಲನೇ ಮಾತ್ರಾಕ್ಕ, ಬಂದಾಗ ಇಡೀ ಪಡಸಾಲಿ ಹಾಕ್ತೈತಲ್ಲ, ಅದ ತಲಿ.

ಮುಂದ 'ಆಕ್ಟಾವೇರಿಯಂ' ಬಾರಿಸಿದ್ರು, 24 ನಿಮಿಷದ್ದು. ಅದರ ಶುರು ನಮ್ಮ ಆಲಾಪ ಇದ್ದಂಗ, ಎಷ್ಟೋ ಹೊತ್ತು ಡ್ರಮ್ಸಿಲ್ಲ, ಅವಸರಿಲ್ಲ, ಒಂದೊಂದ ಸ್ವರ. ಅಷ್ಟು ದೊಡ್ಡ ಅರೀನಾದಾಗ ಸದ್ದಿಲ್ಲ ಗದ್ದಲಿಲ್ಲ. ಮೂರು ತಾಸಿನಾಗ ಯಾರೂ ಭಾಷಣ ಮಾಡ್ಲಿಲ್ಲ, ಯಾರಿಗೂ ಹಾರ ಹಾಕ್ಲಿಲ್ಲ.

ಈ ಹಾರದ ಮಾತು ಯಾಕ ಬಂತಂದ್ರ, ಮುಂದ ರಜಾಕ್ಕ ಊರಿಗೆ ಹೋಗಿದ್ದೆ. ಕಾಕಾ ಒಂದ್ ಸಂಗೀತ ಕಾರ್ಯಕ್ರಮಕ್ಕ ಕರಕೊಂಡು ಹೋದ್ರು, ಧಾರವಾಡದಾಗ, ಯಾರದು ಅಂತ ಹೇಳೂದಿಲ್ಲ. ಆರಕ್ಕ ಅಂತ ಇತ್ತು. ಒಮ್ಮೆ ಸುಟ್ಕೊಂಡಾಂವ, ಐದೂ ಮುಕ್ಕಾಲಕ್ಕ ಹೋಗಿ ಕುಂತೆ. ನಾನು, ಕಾಕಾ, ಮೈಕಿನಾಂವ. ಆರೂವರಿಗೆ ತಂಬೂರಿ ಶ್ರುತಿ ಆತು, ಗಾಯಕರು ರೆಡಿ, ಅಷ್ಟೊತ್ತಿಗೆ ಮುಖ್ಯ ಅತಿಥಿ ಬಂದ್ರು. ಆಮ್ಯಾಲೆ ಸ್ವಾಗತ, ಪ್ರಾಸ್ತಾವಿಕ, ದೀಪ, ದೀಪ ಹತ್ತವಲ್ದು ಫ್ಯಾನ್ ಬಂದ್ ಮಾಡ್ರಿ, ಪರಿಚಯ, ಶಾಲು, ಹಾರ, ಪೇಡೇದ ಡಬ್ಬಿ, "ನಾ ಹೆಚ್ಚಿಗೆ ಮಾತಾಡೂದಿಲ್ಲ" ಅಂದಾವರು ಇಪ್ಪತ್ತು ನಿಮಿಷ. ಎಂಟಾಗಾಕ ಬಂದಾಗ ಯಮನ್ ರಾಗ ಹಿಡಿದ್ರು. ಛಲೋ ಹಾಡಿದ್ರು, ಸುಳ್ಳು ಹೇಳಬಾರದು. ಆದ್ರ ಮುಗಿದ ಮ್ಯಾಲೆ ಹಾರ್ಮೋನಿಯಂದಾವರು ಚಹಾ ಕುಡಕೋತ, "ಪೂರಿಯಾ ಧನಾಶ್ರೀ ಮನಸಿನಾಗಿತ್ತರಿ ಅವರಿಗೆ, ಹೊತ್ತು ಮೀರಿ ಹೋತು" ಅಂದ್ರು. ಹೊತ್ತು ಮುಳುಗೋ ಮುಂದಿನ ರಾಗ, ಅದನ್ನ ಶಾಲಿನಾಗ ಸುತ್ತಿ ಪಕ್ಕಕ್ಕಿಟ್ವಿ. ಮನ್ಸೂರರು ಇದ್ದ, ಗಂಗೂಬಾಯಿ ಹುಟ್ಟಿದ ಊರಿದು! ರಾಗಕ್ಕ ಟೈಮ್ ಐತಿ ಅಂತ ಜಗತ್ತಿಗೆ ಹೇಳಾವ್ರು ನಾವು, ಹಾಡೋರಿಗೆ ಮಾತ್ರ ಟೈಮ್ ಕೊಡೂದಿಲ್ಲ. ಕಾಕಾಗ ಅಂದೆ. "ಏ ತಮ್ಮಾ, ದೊಡ್ಡವರಿಗೆ ಒಂದ್ ಹೂವು ಕೊಡಬಾರ್ದೇನು?" ಅಂದ್ರು. ಕೊಡ್ರಿ, ಹಾಡು ಮುಗಿದ ಮ್ಯಾಲೆ ಕೊಡ್ರಿ.

ಹಂಗಂತ ಅಲ್ಲಿ ಎಲ್ಲಾ ಸರಿ ಅಂತನೂ ಅಲ್ಲ ಮತ್ತ. ಆ ಟೂರಿನ ಹಾಡಿನ ಪಟ್ಟಿ ಮೊದಲ ಗಟ್ಟಿಯಾಗಿತ್ತು, ಇಲ್ಲಿ ಬಾರಿಸಿದ್ದನ್ನ ಹೆಚ್ಚಾಗಿ ಮುಂದಿನ ಊರಾಗ ಬಾರಿಸಿದ್ರು, ಮಂದಿ ಮಾರಿ ನೋಡಿ ಮುಂದ ಏನು ಅಂತ ಠರಾಸೂದು ಇದ್ದಿಲ್ಲ. ಕುಂದಗೋಳದಾಗ ರಾತ್ರಿಯಿಡೀ ಕುಂತ್ರ ಒಂದ್ ಪೈಸಾ ಕೇಳಂಗಿಲ್ಲ, ನಸುಕಿನಾಗ ಯಾರೋ ಗುರುತಿಲ್ಲದಾವ್ರು ಕೈಗೆ ಚಹಾ ಕೊಡ್ತಾರ, ಯಾವ ಊರ್ರೀ ತಮ್ದು ಅಂತಾರ. ಆ ಬೋಳತಲಿ ಮೂರು ತಾಸು ಬಾಜೂಕ ಕುಂತು, ನನ್ನ ಜೋಡಿ ಏಳು ಎಣಿಸಿ, ಒಂದ ಒಂದು ಮಾತಾಡ್ಲಿಲ್ಲ, ಲೈಟ್ ಹತ್ತಿದ ಕೂಡ್ಲೆ ಕೋಟ್ ಹಾಕ್ಕೊಂಡು ಹೋದ.

ಇನ್ನೊಂದು ಮುಚ್ಚಿಟ್ಟೀನಿ. ಆ ಸನ್ಮಾನದ ಪಟ್ಟಿಯೊಳಗ ನಂದೂ ಹೆಸರಿತ್ತು. ಕಾಕಾ ಹೇಳಿಟ್ಟಿದ್ರು ಕಾಣ್ತೈತಿ, "ಲಂಡನ್ ನಿವಾಸಿಗಳು, ಕಲಾಪ್ರೇಮಿಗಳು" ಅಂತ ಮೈಕಿನಾಗ ಕರದ್ರು. ಒಲ್ಲೆ ಅನ್ನಬಹುದಿತ್ತು. ಅನ್ಲಿಲ್ಲ, ಎದ್ದು ಹೋದೆ, ತಂಬೂರಿ ದಾಟಿ ನಿಂತೆ, ಫೋಟೋ ಸರಿ ಬರ್ಲಿಲ್ಲ ಅಂದ್ರು, ಇನ್ನೊಮ್ಮೆ ನಿಂತೆ. ಐದ್ ನಿಮಿಷರ ಹೋಗಿರಬೇಕು. ಆ ಶಾಲು ಸ್ಲೋದಾಗ ಸೋಫಾದ ಮ್ಯಾಲೆ ಐತಿ, ಥಂಡ್ಯಾಗ ಕಾಲ್ಮ್ಯಾಲೆ ಹಾಕ್ಕೊಂಡು ಹಳೇ ಆಲ್ಬಮ್ಮು ಕೇಳ್ತೀನಿ.