ಇಪ್ಪತ್ತರ ನೀರಿಗೆ ಇಪ್ಪತ್ತೈದು

ಹುಬ್ಬಳ್ಳಿಯ ಒಂದು ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ. ಮಟಮಟ ಮಧ್ಯಾಹ್ನ. ಒಂದು ಲೀಟರ್ ನೀರಿನ ಬಾಟಲಿ ತಗೊಂಡೆ. ಮೇಲೆ 20 ರೂಪಾಯಿ ಅಂತ ಅಚ್ಚಾಗಿದೆ. ಕೇಳಿದ್ದು 25.

"ಕೂಲಿಂಗ್ ಚಾರ್ಜ್ ರೀ. ಫ್ರಿಜ್ಜಿನ ಕರೆಂಟ್ ಬಿಲ್ ಯಾರ್ ಕಟ್ಟಬೇಕು?"

ನನ್ನ ಕಣ್ಣೆದುರೇ ಪಕ್ಕದ ಅಂಗಡಿ ಹುಡುಗ ಅದೇ ಫ್ರಿಜ್ಜಿನಿಂದ ಅದೇ ಬಾಟಲಿ ತಗೊಂಡು 20 ಕೊಟ್ಟು ಹೋದ. ಗುರುತಿನವರಿಗೆ ಒಂದು ರೇಟು, ಹೆಗಲಿಗೆ ಬ್ಯಾಗ್ ಹಾಕಿದವರಿಗೆ ಇನ್ನೊಂದು. ಇದು ಯಾವ ನ್ಯಾಯ?

ನನ್ನ ಹಿಂದೆ ಗದಗ ಬಸ್ಸಿಗೆ ಹೊರಟಿದ್ದ ಅಜ್ಜಿಯೊಬ್ಬರಿದ್ದರು. ಸೆರಗಿನ ಗಂಟು ಬಿಚ್ಚಿ ಹತ್ತರ ಎರಡು ನೋಟು ಕೊಟ್ಟರು. "ಇನ್ನೂ ಐದು ಕೊಡಬೇಕು ಯವ್ವಾ" ಅಂದಾಗ ಬಾಟಲಿ ಅಲ್ಲೇ ಇಟ್ಟು, ನೋಟು ಮತ್ತೆ ಗಂಟು ಕಟ್ಟಿಕೊಂಡು ಹೋದರು. ಆ ಬಿಸಿಲಲ್ಲಿ! ಅದೇ ನನಗೆ ಇನ್ನೂ ಚುಚ್ಚುತ್ತಿದೆ.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಕಡಿಮೆಗೆ ಮಾರಬಹುದು, ಅಂಗಡಿಯವರು ಜಾಸ್ತಿಗೆ ಮಾರುವ ಹಾಗಿಲ್ಲ. ಪ್ಯಾಕ್ ಮಾಡಿದ ಸರಕಿನ 2011ರ ನಿಯಮವೇ ಹಾಗಿದೆ. ಒಂದೇ ಸರಕಿಗೆ ಎರಡು ಎಂಆರ್‌ಪಿ ಅಚ್ಚು ಹಾಕುವುದಕ್ಕೂ 2018ರಿಂದ ತಡೆ ಇದೆ. ಹೋಟೆಲಿನಲ್ಲಿ ಕೂತು ಕುಡಿದರೆ ಲೆಕ್ಕ ಬೇರೆ, 2017ರಲ್ಲಿ ಸುಪ್ರೀಂ ಕೋರ್ಟ್ ಹಾಗಂತ ಹೇಳಿದೆ. ಇದು ನಿಂತು ಕೊಳ್ಳುವ ಅಂಗಡಿ, ಅಲ್ವಾ?

ಬಿಲ್ ಕೇಳಿದೆ, ಕೊಡಲಿಲ್ಲ. ಬಾಟಲಿಯ ಫೋಟೊ, 25 ರೂಪಾಯಿ ಹೋದ ಮೆಸೇಜು ಎರಡೂ ಇಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.