ಬದುಕಿರುವ ಮಹಿಷಾಸುರನ ವಿಶ್ವಕೋಶ ಪ್ರವೇಶ

ವಿಶ್ವಕೋಶಕ್ಕೆ ಲೇಖನ ಬರೆಯುವವರಿಗೆ ತೀರಿಕೊಂಡ ಕಲಾವಿದರಷ್ಟು ಸಹಕಾರ ಕೊಡುವವರು ಬೇರೆ ಯಾರೂ ಇಲ್ಲ. ಅವರು ಜನ್ಮದಿನಾಂಕದ ಬಗ್ಗೆ ತಕರಾರು ಎತ್ತುವುದಿಲ್ಲ, ಫೋಟೋ ಚೆನ್ನಾಗಿಲ್ಲವೆಂದು ಮುನಿಸಿಕೊಳ್ಳುವುದಿಲ್ಲ, ಸನ್ಮಾನಗಳ ಪಟ್ಟಿಯಲ್ಲಿ ಯುವಕ ಮಂಡಲದವರು ಹೊದಿಸಿದ ಶಾಲು ಬಿಟ್ಟುಹೋಯಿತೆಂದು ಅಪರಾತ್ರಿಯಲ್ಲಿ ಫೋನ್ ಮಾಡುವುದಿಲ್ಲ. ನಾನು ಆರಿಸಿಕೊಂಡದ್ದು ಬದುಕಿರುವವರನ್ನು. ಅದೂ ಬೇಲಿಯಾಚೆಯ ಮನೆಯವರನ್ನು.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷಗಳನ್ನೇ, ಅಂದರೆ ರಕ್ಕಸ ಪಾತ್ರಗಳನ್ನೇ ಕಟ್ಟಿ ವಯಸ್ಸಾದ ಇವರನ್ನು ಊರೆಲ್ಲ ಬಣ್ಣದಜ್ಜ ಎಂದೇ ಕರೆಯುತ್ತದೆ. ದೀಪಾವಳಿಯ ಹೊತ್ತಿಗೆ ಮೇಳದೊಂದಿಗೆ ಹೊರಟರೆ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೂ ರಾತ್ರಿಯೆಲ್ಲ ಮಹಿಷಾಸುರನಾಗಿಯೋ ರಾವಣನಾಗಿಯೋ ಅಬ್ಬರಿಸಿ, ಮನೆಗೆ ಬಂದರೆ ಹೆಂಡತಿಯೆದುರು ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳಲೂ ಹಿಂಜರಿಯುತ್ತಿದ್ದ ಮನುಷ್ಯ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ಇವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಎಂಬ ಸಂಕಟದಿಂದ ನಾನು ಕೆಲಸಕ್ಕೆ ಕುಳಿತೆ. ಸಂಬಂಧಿಕರ ಬಗ್ಗೆ ಬರೆಯುವುದು ಅಲ್ಲಿ ಒಪ್ಪಿತವಲ್ಲ. ನಾವು ಬರೀ ನೆರೆಹೊರೆಯವರು ಎಂದು ನಿಶ್ಚಿಂತನಾಗಿದ್ದಾಗ, ನನ್ನ ಅಮ್ಮ ಯಾವುದೋ ಸೋದರತ್ತೆಯ ಮೂಲಕ ನಂಟನ್ನು ಹುಡುಕಿ ತೆಗೆಯಲು ಹೊರಟರು. ಅವರನ್ನು ತಡೆಯುವುದೇ ಮೊದಲ ಸಂಪಾದಕೀಯ ಕಾರ್ಯವಾಯಿತು.

ಎರಡನೆಯ ಕಷ್ಟ ಇನ್ನೂ ದೊಡ್ಡದು. ಅಜ್ಜನ ಬದುಕಿನ ಬಗ್ಗೆ ಅಜ್ಜ ಹೇಳುವ ಮಾತಿಗೆ ವಿಶ್ವಕೋಶದಲ್ಲಿ ಹೆಚ್ಚಿನ ಬೆಲೆಯಿಲ್ಲ. ಅವರಿಗೆ ಸಂಬಂಧವಿಲ್ಲದ ಮೂರನೆಯವರು ಅದನ್ನು ಎಲ್ಲಾದರೂ ಅಚ್ಚು ಹಾಕಿಸಿರಬೇಕು. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ತಮ್ಮದೇ ಕಾದಂಬರಿಯ ಕುರಿತ ತಪ್ಪೊಂದನ್ನು ತಿದ್ದಿಸಲು ಹೋದಾಗ, ಬೇರೆ ಆಧಾರವೂ ಬೇಕೆಂದು ಹೇಳಿಸಿಕೊಂಡು, 2012ರಲ್ಲಿ ವಿಕಿಪೀಡಿಯಕ್ಕೆ ಬಹಿರಂಗ ಪತ್ರವನ್ನೇ ಬರೆಯಬೇಕಾಯಿತು. ಇದನ್ನು ವಿವರಿಸಿದಾಗ ಅಜ್ಜ ಬಹಳ ಹೊತ್ತು ಯೋಚಿಸಿ, "ಅಲ್ಲ ಮಾರಾಯ, ವೇಷ ಕಟ್ಟಿದ್ದು ನಾನು. ಅದನ್ನು ಟೆಂಟಿನ ಹೊರಗೆ ಕಡ್ಲೆ ಮಾರಿದವ ಹೇಳಿದರೆ ಆಗ್ತದಾ?" ಎಂದರು. ಕಡ್ಲೆ ಮಾರಿದವನು ಪತ್ರಿಕೆಯಲ್ಲಿ ಬರೆದಿದ್ದರೆ ಆಗುತ್ತದೆ ಎಂದೆ.

ನಿಯಮ ಸರಿಯಾದದ್ದೇ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಇರುಳಿಡೀ ನಡೆದು ಬೆಳಗಾಗುವಾಗ ಮುಗಿದುಹೋಗುವ ಕಲೆಯು ತನ್ನ ಹಿಂದೆ ಬಿಟ್ಟುಹೋಗುವ ಕಾಗದವೆಂದರೆ ಆಟದ ಹ್ಯಾಂಡ್‌ಬಿಲ್ ಮಾತ್ರ, ಅದರಲ್ಲಿಯೂ ಕಲಾವಿದರ ಹೆಸರಿಗಿಂತ ಪ್ರಸಂಗದ ಹೆಸರೇ ದೊಡ್ಡದು. ಅಜ್ಜನ ಟ್ರಂಕಿನಿಂದ ಹೊರಬಂದ ಸನ್ಮಾನಪತ್ರಗಳೆಲ್ಲವೂ ಪದ್ಯದಲ್ಲಿದ್ದವು. ಅಭಿನಂದನ ಗ್ರಂಥವೂ ಇತ್ತು. ಅದರ ಸಂಪಾದಕರು ಅಜ್ಜನ ಅಳಿಯ. ಕೊನೆಗೆ ಕೈಗೆ ಸಿಕ್ಕ ಒಂದೇ ಪತ್ರಿಕಾ ವರದಿಯಲ್ಲಿ ಹೆಸರು ಸರಿಯಾಗಿತ್ತು, ಫೋಟೋ ಮಾತ್ರ ಹಾಸ್ಯಗಾರರದಾಗಿತ್ತು.

ಜನ್ಮದಿನಾಂಕಗಳಿಗೆ ಬರವಿರಲಿಲ್ಲ. ಶಾಲೆಯ ಮಾಸ್ತರರು ಕೊಟ್ಟ ಜೂನ್ 1, ಆಧಾರ್ ಕಾರ್ಡಿನ ಜನವರಿ 1, ಜಾತಕದ ಇನ್ನೊಂದು ದಿನ, ಇವೆಲ್ಲದರ ಮೇಲೆ "ತೋಡಿನ ಸಂಕ (ತೊರೆಯ ಕಾಲುಸೇತುವೆ) ಕೊಚ್ಚಿಕೊಂಡು ಹೋದ ವರ್ಷ" ಎಂಬ ಅವರ ಅಕ್ಕನ ಅಚಲವಾದ ಸಾಕ್ಷ್ಯ. ಬದುಕಿರುವವರ ಖಾಸಗಿ ದಾಖಲೆಗಳನ್ನು ನೋಡಿ ದಿನಾಂಕ ಬರೆಯುವಂತಿಲ್ಲವಾದ್ದರಿಂದ ನಾಲ್ಕನ್ನೂ ಬಿಟ್ಟೆ. ಹುಟ್ಟದೆಯೇ ಮೇಳ ಸೇರಿದ ಮೊದಲ ಕಲಾವಿದರಾಗಿ ಅವರು ಲೇಖನವನ್ನು ಪ್ರವೇಶಿಸಿದರು.

ಫೋಟೋದ ಕಥೆ ಬೇರೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹಾಕುವಂತಿಲ್ಲ, ತೆಗೆದವರೇ ಮುಕ್ತ ಪರವಾನಗಿಯಲ್ಲಿ ಕೊಡಬೇಕು. ಬದುಕಿರುವವರ ಫೋಟೋವನ್ನು ಯಾವಾಗ ಬೇಕಾದರೂ ತೆಗೆಯಬಹುದಲ್ಲವೇ ಎಂಬ ತರ್ಕದಿಂದ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2007ರಲ್ಲೇ ಈ ವಿಷಯದಲ್ಲಿ ಹಗ್ಗ ಬಿಗಿಮಾಡಿದೆ. ಹಾಗಾಗಿ ನಾನೇ ಮೊಬೈಲ್ ಹಿಡಿದು ಹೋದೆ. ಬನಿಯನ್ನಿನಲ್ಲಿ ಕುಳಿತ ಮುದುಕನನ್ನು ಯಾರು ನೋಡುತ್ತಾರೆ ಎಂದು ಅಜ್ಜ ಪಟ್ಟು ಹಿಡಿದು, ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ಕೋಡು ಕಟ್ಟಿಕೊಂಡು ತಯಾರಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಪುಟದ ಬಲಗಡೆಯ ಚೌಕದಲ್ಲಿ ಈಗ ಕೋರೆಹಲ್ಲಿನ ಮಹಿಷಾಸುರನಿದ್ದಾನೆ. ಕೆಳಗೆ "ವೃತ್ತಿ: ಕಲಾವಿದ" ಎಂದಿದೆ. ಪುಟದ ತುದಿಯಲ್ಲಿ ಬದುಕಿರುವವರ ವರ್ಗಕ್ಕೆ ಸೇರಿಸಿದ್ದನ್ನು ನೋಡಿದ ಅಜ್ಜಿ, "ಅದನ್ನು ಬರೆದು ಬೇರೆ ಹೇಳಬೇಕಾ? ದೃಷ್ಟಿಯಾದೀತು, ತೆಗೆ" ಎಂದು ಗದರಿದರು.

ವಿಶೇಷಣಗಳು ಹೋದ ರೀತಿಯನ್ನು ಹೇಳಲೇಬೇಕು. ಬೆಳಗಿನ ಜಾವ ವೇಷ ಕಟ್ಟುವ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ಒರೆಸುವ ಹಾಗೆ ಒಬ್ಬ ಹಿರಿಯ ಸಂಪಾದಕರು ಮೊದಲು "ಶ್ರೀ"ಯನ್ನು, ಆಮೇಲೆ "ಅಪ್ರತಿಮ"ವನ್ನು, ಕೊನೆಗೆ "ರಕ್ಕಸ ಪಾತ್ರಗಳ ಅನಭಿಷಿಕ್ತ ಚಕ್ರವರ್ತಿ"ಯನ್ನು ಒರೆಸಿಹಾಕಿದರು. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಆದರೆ ಅವರು ಕಿರೀಟದ ಕಥೆಗೂ ಕೈಹಾಕಿದರು.

ಒಂದು ಸಲ ಸಭೆಯ ಹಿಂದಿನಿಂದ ದೊಂದಿಗಳ ನಡುವೆ ಮಹಿಷಾಸುರ ನುಗ್ಗಿ ಬರುವಾಗ ಅಜ್ಜನ ಕಿರೀಟಕ್ಕೆ ಬೆಂಕಿ ತಗಲಿತಂತೆ. ಜನ ಅದೂ ಆಟದ್ದೇ ಭಾಗವೆಂದು ಚಪ್ಪಾಳೆ ತಟ್ಟಿದರಂತೆ. ದೇವಿಯ ವೇಷದವರು ಚೌಕಿಯಿಂದ ಓಡಿಬಂದು ಕೊಡಪಾನದ ನೀರು ಸುರಿದು ಅಸುರನನ್ನು ಉಳಿಸಿ, ಬೆಳಗಾಗುವಾಗ ಪ್ರಸಂಗದಂತೆ ಕೊಂದರಂತೆ. ನೋಡಿದವರು ಊರು ತುಂಬ ಇದ್ದಾರೆ, ಬರೆದವರು ಒಬ್ಬರೂ ಇಲ್ಲ. 2005ರಲ್ಲಿ ಜಾನ್ ಸೀಗೆಂತಾಲರ್ ಎಂಬ ಅಮೆರಿಕದ ಪತ್ರಕರ್ತರನ್ನು ಅಧ್ಯಕ್ಷ ಕೆನಡಿಯ ಹತ್ಯೆಗೆ ತಳುಕುಹಾಕಿದ ಸುಳ್ಳೊಂದು ವಿಕಿಪೀಡಿಯದಲ್ಲಿ ತಿಂಗಳುಗಟ್ಟಲೆ ಉಳಿದುಕೊಂಡಿತ್ತು. ಬದುಕಿರುವವರ ವಿಷಯದಲ್ಲಿ ಇಷ್ಟು ಬಿಗಿ ಬಂದದ್ದು ಅದರಿಂದ ಎಂದು ಅಜ್ಜನಿಗೆ ತಿಳಿಹೇಳಿದೆ. ಕೆನಡಿಗೂ ತನ್ನ ಕಿರೀಟಕ್ಕೂ ಇರುವ ಸಂಬಂಧ ಅವರಿಗೆ ಹೊಳೆಯಲಿಲ್ಲ.

ಕೆಲವು ದಿನ ಕಳೆದು ಅಜ್ಜ ಒಂದು ಪತ್ರಿಕೆಯನ್ನು ಬೀಸುತ್ತ ಬೇಲಿಯ ಬಳಿ ಬಂದರು. ಕಿರೀಟ, ಬೆಂಕಿ, ಕೊಡಪಾನ ಎಲ್ಲವೂ ಅಚ್ಚಾಗಿದ್ದವು. "ಇನ್ನು ಹಾಕಬಹುದಲ್ಲ?" ಎಂದರು. ಓದುತ್ತ ಹೋದಂತೆ ಶೈಲಿ ಬಹಳ ಪರಿಚಿತವೆನಿಸಿತು. ನಾನು ಮಾಡಿದ್ದ ಒಂದು ಕಾಗುಣಿತದ ತಪ್ಪೂ ಅಲ್ಲಿತ್ತು. ಸಂಪಾದಕರ ಕತ್ತರಿ ಬೀಳುವ ಮೊದಲೇ ವರದಿಗಾರರು ನನ್ನ ಲೇಖನವನ್ನು ಇಡಿಯಾಗಿ ಎತ್ತಿಕೊಂಡಿದ್ದರು. ವಿಕಿಪೀಡಿಯದ ಸಂಪಾದಕರೆಲ್ಲ ಸೇರಿ ಹರಟುವ ಅರಳಿಕಟ್ಟೆಯಲ್ಲಿ ವಿಚಾರಿಸಿದೆ. ವಿಕಿಪೀಡಿಯದಿಂದ ಹೋದದ್ದು ವಿಕಿಪೀಡಿಯಕ್ಕೇ ಆಧಾರವಾಗಿ ಮರಳಿ ಬರುವಂತಿಲ್ಲ ಎಂಬ ಉತ್ತರ ಬಂತು.

ಇದನ್ನು ಅಜ್ಜನಿಗೆ ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅಂದು ದೇವಿಯ ವೇಷ ಮಾಡಿದ್ದ ಕಲಾವಿದರು ಪತ್ರಿಕೆ ಓದಿ ನೇರವಾಗಿ ನಮ್ಮ ಮನೆಗೆ ಬಂದರು. ನೀರು ಸುರಿದದ್ದು ತಾನಲ್ಲ, ದೊಂದಿ ಹಿಡಿದಿದ್ದ ಹುಡುಗ. ತಾನು ಆ ಹೊತ್ತಿಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದೆ ಎಂದು ತಿದ್ದುಪಡಿ ಸೂಚಿಸಿ, ಚಹಾ ಕುಡಿದು, ಹೊರಗೆ ನಿಲ್ಲಿಸಿದ್ದ ರಿಕ್ಷಾದಿಂದ ಸನ್ಮಾನಪತ್ರಗಳ ಒಂದು ಗೋಣಿಯನ್ನು ಇಳಿಸತೊಡಗಿದರು.